ಪತ್ರಿಕೋದ್ಯಮ ಅಧ್ಯಾಪಕರ ಸಾಧನೆಪಟ್ಟಿ: ಲೆಕ್ಕಕ್ಕೆ ಸಿಗುವುದೇನು, ಸಿಗದಿರುವುದೇನು?

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಪತ್ರಿಕೋದ್ಯಮ ಕಲಿಸುವ ವಿಭಾಗಗಳಿಗೆ ಕೊರತೆಯಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಮಣಿಪಾಲದ ಸಂವಹನ ಸಂಸ್ಥೆ, ಮಂಗಳೂರಿನ ಸಂತ ಅಲೋಶಿಯಸ್, ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಎಂದು ಹೆಸರಿಸುತ್ತ ಹೋಗಬಹುದು. ಇಂಥ ವಿಭಾಗಗಳು ತಮ್ಮನ್ನು ಪರಿಚಯಿಸಿಕೊಳ್ಳುವಾಗ ಮುಂದಿಡುವುದು ಅಧ್ಯಾಪಕರ ಸಾಧನೆಗಳ ಪಟ್ಟಿಯನ್ನು. ಇಂಥ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡನೆ, ಇಂಥ ಕಾರ್ಯಾಗಾರದಲ್ಲಿ ಸಂಪನ್ಮೂಲ ವ್ಯಕ್ತಿ, ಇಷ್ಟು ಸಂಶೋಧನ ಲೇಖನ, ಪಠ್ಯಕ್ರಮ ರೂಪಿಸುವ ಇಂಥ ಅಧ್ಯಯನ ಮಂಡಳಿಯ ಸದಸ್ಯತ್ವ. ಮಗಳನ್ನು ಸೇರಿಸಲು ಬಂದ ಹೆತ್ತವರು ನೋಡುವುದೂ ಇದನ್ನೇ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಕೇಳುವುದೂ ಇದನ್ನೇ, ಮುಂಬಡ್ತಿ ಸಮಿತಿ ಅಳೆಯುವುದೂ ಇದರಿಂದಲೇ.

ಆದರೆ ವರದಿ ಬರೆಯಲು ಕಲಿಸುವ ಅಧ್ಯಾಪಕರು ವರ್ಷವಿಡೀ ಮಾಡುವ ಕೆಲಸದ ಬಹುಪಾಲು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಇದು ಅಧ್ಯಾಪಕರ ಸಂಕೋಚದಿಂದಾದ ತೊಂದರೆಯಲ್ಲ. ಸಾಧನೆಯನ್ನು ಅಳೆಯುವ ನಿಯಮವೇ ಹಾಗಿದೆ.

ಆ ನಿಯಮವನ್ನು ಮೊದಲು ನೋಡೋಣ. ಅಧ್ಯಾಪಕರ ನೇಮಕ ಮತ್ತು ಮುಂಬಡ್ತಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2018ರ ಜುಲೈಯಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಸಂಶೋಧನ ಅಂಕಗಳ ಕೋಷ್ಟಕವೊಂದಿದೆ. ಸಮಾಜವಿಜ್ಞಾನ, ಭಾಷೆ, ಮಾನವಿಕ ವಿಷಯಗಳಲ್ಲಿ ಪರಿಣತರ ಪರಿಶೀಲನೆಗೊಳಪಟ್ಟ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರಿಂದ ಬಂದ ಪುಸ್ತಕಕ್ಕೂ 10, ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5, ಪುಸ್ತಕದ ಅನುವಾದಕ್ಕೆ 8. ಪಿಎಚ್‌ಡಿ ಪದವಿ ಪಡೆದ ಪ್ರತಿ ವಿದ್ಯಾರ್ಥಿಯಿಂದ ಮಾರ್ಗದರ್ಶಕರಿಗೆ 10. ಹೊಸ ಪಠ್ಯಕ್ರಮ ರೂಪಿಸಿದರೆ ತಲಾ 2. ಉಪನ್ಯಾಸ ಅಥವಾ ಪ್ರಬಂಧ ಮಂಡನೆಗೆ ರಾಜ್ಯ ಇಲ್ಲವೇ ವಿಶ್ವವಿದ್ಯಾನಿಲಯ ಮಟ್ಟದ್ದಾದರೆ 2, ರಾಷ್ಟ್ರೀಯವಾದರೆ 3, ದೇಶದೊಳಗೇ ನಡೆದ ಅಂತರರಾಷ್ಟ್ರೀಯ ಸಮ್ಮೇಳನವಾದರೆ 5, ವಿದೇಶದ್ದಾದರೆ 7. ಸಹಪ್ರಾಧ್ಯಾಪಕರಾಗಿ ನೇರ ನೇಮಕವಾಗಲು ಪಿಎಚ್‌ಡಿ, ಎಂಟು ವರ್ಷದ ಅನುಭವ, ಏಳು ಪ್ರಕಟಣೆಗಳ ಜೊತೆಗೆ 75 ಅಂಕ ಬೇಕು. ಪ್ರಾಧ್ಯಾಪಕರಾಗಲು ಹತ್ತು ಪ್ರಕಟಣೆ, 120 ಅಂಕ.

ಇಲ್ಲಿ ಹಲವರು ಗಮನಿಸದ ಮಿತಿಗಳು ಎರಡಿವೆ. ಉಪನ್ಯಾಸ, ಪ್ರಬಂಧ ಮಂಡನೆ, ನೀತಿ ದಸ್ತಾವೇಜು ಈ ಮೂರೂ ಸೇರಿ ಒಟ್ಟು ಅಂಕದ ಶೇ. 30 ದಾಟುವಂತಿಲ್ಲ. 75 ಅಂಕದ ಗುರಿಗೆ ಅದು 22.5. ರಾಜ್ಯಮಟ್ಟದ ಉಪನ್ಯಾಸಗಳಿಂದಲೇ ಈ ಪಾಲು ತುಂಬಿಸುವುದಾದರೆ ಹನ್ನೊಂದಕ್ಕೆ 22 ಅಂಕ ಆಗಿಬಿಡುತ್ತದೆ. ಹನ್ನೆರಡನೆಯದಕ್ಕೆ ಸಿಗುವುದು ಬರೀ ಅರ್ಧ ಅಂಕ, ಆಮೇಲಿನವು ಶಾಲು, ಹಾರ, ಫೋಟೊಕ್ಕಷ್ಟೇ. ಎರಡನೆಯ ಮಿತಿ ಸಹಲೇಖಕರದು. ಇಬ್ಬರು ಬರೆದರೆ ತಲಾ ಶೇ. 70. ಮೂವರೋ ಹೆಚ್ಚೋ ಇದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ಶೇ. 30. ಹತ್ತು ಅಂಕದ ಲೇಖನದಲ್ಲಿ ಮೂರನೆಯ ಹೆಸರಾಗಿ ಸೇರಿಕೊಂಡವರಿಗೆ ಸಿಗುವುದು 3. ಆದ್ದರಿಂದ ಪಟ್ಟಿಯಲ್ಲಿ ಇಪ್ಪತ್ತು ಲೇಖನ ಕಂಡ ಕೂಡಲೇ ಬೆರಗಾಗುವ ಮೊದಲು ಹೆಸರು ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಬೇಕು.

ಈಗ ಕೋಷ್ಟಕದಲ್ಲಿ ಇಲ್ಲದ್ದನ್ನು ನೋಡಿ. ಮೂರು ತಿಂಗಳು ಅಲೆದು ಬರೆದ ತನಿಖಾ ವರದಿಗೆ ಅಂಕವಿಲ್ಲ. ದಿನಪತ್ರಿಕೆಯ ಅಂಕಣಕ್ಕಿಲ್ಲ. ಸಮುದಾಯ ರೇಡಿಯೋದಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆಸಿದ ಸರಣಿಗಿಲ್ಲ. ಕಲಿಕೆಗಾಗಿ ವಿದ್ಯಾರ್ಥಿಗಳೇ ಬರೆದು ಹೊರತರುವ ಪ್ರಾಯೋಗಿಕ ಪತ್ರಿಕೆಯ ಸಂಪಾದನೆಗಿಲ್ಲ. ವಾರ್ಷಿಕ ಮೌಲ್ಯಮಾಪನದ ಇನ್ನೊಂದು ಕೋಷ್ಟಕದಲ್ಲಿ ಪಠ್ಯೇತರ, ವಿಸ್ತರಣೆ, ಕ್ಷೇತ್ರಾಧಾರಿತ ಚಟುವಟಿಕೆ ಎಂಬ ಒಂದು ಸಾಲಿದೆ. ವಿದ್ಯಾರ್ಥಿ ಸಂಘ, ಎನ್‌ಎಸ್‌ಎಸ್, ಕ್ರೀಡೆ, ಅಧ್ಯಯನ ಪ್ರವಾಸಗಳ ಜೊತೆ ಪ್ರಾಯೋಗಿಕ ಪತ್ರಿಕೆಯೂ ಅದರೊಳಗೆ ತೂರಿಕೊಳ್ಳಬೇಕು.

ಇದೇ ನಿಯಮಾವಳಿ ಸಂಗೀತ, ದೃಶ್ಯಕಲೆ, ನಾಟಕಗಳಿಗೆ ಬೇರೆ ಬಾಗಿಲು ತೆರೆದಿಟ್ಟಿದೆ. ಸಾಂಪ್ರದಾಯಿಕ ಅಥವಾ ವೃತ್ತಿಪರ ಕಲಾವಿದರ ಸಾಧನೆಯನ್ನೇ ಅರ್ಹತೆಯೆಂದು ಒಪ್ಪುತ್ತದೆ. ಆಕಾಶವಾಣಿ, ದೂರದರ್ಶನ ಕೊಟ್ಟ ‘ಎ’ ಶ್ರೇಣಿಗೆ ಅಲ್ಲಿ ಬೆಲೆಯಿದೆ. ಹಾಡುವವರು ಹಾಡಿದ್ದನ್ನು ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆ, ವರದಿಗಾರಿಕೆ ಕಲಿಸುವವರು ವರದಿ ಮಾಡಿದ್ದನ್ನು ಹಿಡಿಯುವುದಿಲ್ಲ. ಪತ್ರಿಕೋದ್ಯಮವೂ ಕೈಕೆಲಸದ ವಿದ್ಯೆ ಎನ್ನುವುದನ್ನು ನಿಯಮ ಮರೆತಿದೆ. ಈ ವಿಷಯದಲ್ಲಿ ನಮ್ಮ ಅಸಮಾಧಾನ ಇರುವುದು ಮುಖ್ಯವಾಗಿ ಇಲ್ಲಿಯೇ.

ಈ ಊರಿನ ಮಟ್ಟಿಗೆ ಅದು ಇನ್ನೂ ಸಲ್ಲದ ಮರೆವು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದದ್ದು ಇಲ್ಲಿ. ಕಡೆಂಗೋಡ್ಲು ಶಂಕರಭಟ್ಟರು ಮಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದರು. ಪತ್ರಕರ್ತರಾಗಿ ದೀರ್ಘಕಾಲ ದುಡಿದ ಎಂ.ವಿ. ಕಾಮತ್ ಮಣಿಪಾಲದ ಸಂವಹನ ಶಾಲೆಯ ಗೌರವ ನಿರ್ದೇಶಕರಾಗಿದ್ದರು. ಪಾಠ ಮತ್ತು ಪತ್ರಿಕೆ ಒಂದೇ ಮೇಜಿನ ಮೇಲಿದ್ದ ನಾಡು ಇದು.

ಪ್ರಾಯೋಗಿಕ ಪತ್ರಿಕೆಯ ನಿಜವಾದ ಖರ್ಚು

ಎಂಟು ಪುಟದ ಟ್ಯಾಬ್ಲಾಯ್ಡ್ ಅಳತೆಯ ಪ್ರಾಯೋಗಿಕ ಪತ್ರಿಕೆಯೊಂದನ್ನು ಲೆಕ್ಕ ಹಾಕೋಣ. ಪುಟಕ್ಕೆ ನಾಲ್ಕು ಎಂದಿಟ್ಟುಕೊಂಡರೆ, ಶೀರ್ಷಿಕೆ ಪಟ್ಟಿ, ಚಿತ್ರಪುಟದ ಜಾಗ ಕಳೆದು ಮೂವತ್ತು ಬರಹ ಬೇಕು. ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ತಿದ್ದಲು ಇಪ್ಪತ್ತು ನಿಮಿಷ, ತಿದ್ದಿ ತಂದದ್ದನ್ನು ಮತ್ತೆ ನೋಡಲು ಹತ್ತು. ಒಟ್ಟು 900 ನಿಮಿಷ, ಅಂದರೆ ಹದಿನೈದು ಗಂಟೆ. ಯುಜಿಸಿ ಪ್ರಕಾರ ಸಹಾಯಕ ಪ್ರಾಧ್ಯಾಪಕರ ವಾರದ ನೇರ ಬೋಧನೆ 16 ಗಂಟೆ. ಒಂದು ಸಂಚಿಕೆಯ ತಿದ್ದುಪಡಿಯೇ ಹೆಚ್ಚುಕಡಿಮೆ ಒಂದು ವಾರದ ಪಾಠಕ್ಕೆ ಸಮ. ಪುಟವಿನ್ಯಾಸ, ಕರಡು ನೋಡುವುದು, ಪ್ರೆಸ್ಸಿಗೆ ಓಡಾಟ ಇದರಲ್ಲಿ ಸೇರಿಲ್ಲ.

ಆ ಇಪ್ಪತ್ತು ನಿಮಿಷದಲ್ಲಿ ಏನು ನಡೆಯುತ್ತದೆ? ವಿದ್ಯಾರ್ಥಿಯೊಬ್ಬ ಮಲ್ಪೆಯಿಂದ ಬಂದು ಹೀಗೆ ಬರೆಯುತ್ತಾನೆ ಎನ್ನಿ: “ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದಿದ್ದು, ಮೀನುಗಾರರು ಸಂಭ್ರಮದಿಂದ ಕಡಲಿಗಿಳಿದರು.” ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಈ ವಾಕ್ಯ ಪುಟಕ್ಕೆ ಹೋಗುವಂತಿಲ್ಲ. ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಯಾರಿಗೆ ನಿಷೇಧ? ಯಾಂತ್ರಿಕ ದೋಣಿಗಳಿಗೆ, 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇದ್ದವಕ್ಕೆ. ನಾಡದೋಣಿಯವರು ಮಳೆಗಾಲದಲ್ಲೂ ಹೋಗುತ್ತಾರೆ, ಅವರ ಮಟ್ಟಿಗೆ ಅದೇ ದುಡಿಮೆಯ ಕಾಲ. ಹಾಗಿದ್ದರೆ ‘ಮೀನುಗಾರರು’ ಎಂದರೆ ಟ್ರಾಲ್‌ಬೋಟಿನವರೋ, ಪರ್ಸೀನ್‌ನವರೋ? ಅದೇ ದಿನ ಹೊರಟರೋ, ಗಾಳಿ ನೋಡಿ ತಡ ಮಾಡಿದರೋ? ಕೆಲಸಗಾರರು ಊರಿನಿಂದ ಬಂದು ಮುಟ್ಟಿದ್ದಾರೋ? ‘ಸಂಭ್ರಮ’ ಎಂದದ್ದು ಯಾರು? ಬೋಟಿನ ಮಾಲೀಕರನ್ನು ಕೇಳಿದ ಹುಡುಗ ಬಲೆ ಎಳೆಯುವವನನ್ನು ಕೇಳಿದನೋ? ಇಷ್ಟು ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದು ಅಧ್ಯಾಪಕರು ಅವನನ್ನು ಮತ್ತೊಮ್ಮೆ ಬಂದರಿಗೆ ಕಳಿಸುತ್ತಾರೆ. ಪತ್ರಿಕೋದ್ಯಮ ಶಿಕ್ಷಣ ಎಂದರೆ ಇದು. ಇದಕ್ಕೆ ಪ್ರಮಾಣಪತ್ರ ಯಾರೂ ಕೊಡುವುದಿಲ್ಲ.

ತಾಂತ್ರಿಕ ಕಿರಿಕಿರಿಯೂ ಸಣ್ಣದಲ್ಲ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆದು ತರುತ್ತಾರೆ, ಹಳೆಯ ಪೇಜ್‌ಮೇಕರ್ ನಂಬಿಕೊಂಡ ಪ್ರೆಸ್ಸು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಕೇಳುತ್ತದೆ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ಬದಲಿಸುತ್ತವೆ, ‘ರ್ಯ’ ಇದ್ದಲ್ಲೆಲ್ಲ ಮತ್ತೆ ಕಣ್ಣಾಡಿಸಬೇಕು. ಇನ್‌ಡಿಸೈನ್‌ನಲ್ಲಿ ನೇರ ಯುನಿಕೋಡ್ ಬಳಸುವುದಾದರೆ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಉದುರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರ ಕುಗ್ಗಿಹೋಗಿರುತ್ತದೆ, ಮುದ್ರಣಕ್ಕೆ ಬೇಕಾದ 300 ಡಿಪಿಐ ಅದರಲ್ಲಿ ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಈ ಒಂದು ತಲೆನೋವು ತಪ್ಪುತ್ತದೆ. ಎಂಟು ಪುಟದಲ್ಲಿ 1 ಮತ್ತು 8, 2 ಮತ್ತು 7, 3 ಮತ್ತು 6, 4 ಮತ್ತು 5 ಜೊತೆಯಾಗಿ ಬೀಳುತ್ತವೆ. ಎಲ್ಲ ಕಡೆ ಬಣ್ಣಕ್ಕೆ ಹಣವಿಲ್ಲದಿದ್ದರೆ 1 ಮತ್ತು 8ಕ್ಕೆ ಮಾತ್ರ ಬಣ್ಣ ಇಟ್ಟು, ಬಣ್ಣವೇ ಬೇಕಾದ ಚಿತ್ರವನ್ನು ಕೊನೆಯ ಪುಟಕ್ಕೆ ಮೊದಲೇ ಯೋಜಿಸಬೇಕು.

ಕಾನೂನಿನ ಕಡೆಗೂ ಒಂದು ಕಣ್ಣು ಬೇಕು. 1867ರ ಹಳೆಯ ಕಾಯ್ದೆಯ ಬದಲಿಗೆ ಬಂದ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೈಕ್ಷಣಿಕ, ವೈಜ್ಞಾನಿಕ ನಿಯತಕಾಲಿಕಗಳನ್ನು ಅದು ಹೊರಗಿಟ್ಟಿದೆ, ಸಾರ್ವಜನಿಕ ಸುದ್ದಿ ಇರುವ ನಿಯತ ಪ್ರಕಟಣೆಯನ್ನಲ್ಲ. ಪ್ರಾಯೋಗಿಕ ಪತ್ರಿಕೆಗಳಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂಬ ಸಾಲು ಕಾಣುವುದು ಇದೇ ಎಚ್ಚರಿಕೆಯಿಂದ. ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ಇನ್ನೊಂದು ಗೆರೆ ಇದೆ: ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು. ಸರ್ಕಾರದ ನೀತಿಯನ್ನು ಟೀಕಿಸುವ ಬರಹಕ್ಕೆ ಅಲ್ಲಿ ಅವಕಾಶವಿಲ್ಲ. ವರದಿಗಾರಿಕೆ ಕಲಿಸುವವರು ಸ್ವತಃ ವರದಿ ಬರೆಯದಿರುವುದಕ್ಕೆ ಸೋಮಾರಿತನವೇ ಕಾರಣ ಎಂದು ಭಾವಿಸುವವರು ಇದನ್ನು ತಿಳಿದಿರಬೇಕು.

ರೇಡಿಯೋದಲ್ಲಿ ಸುದ್ದಿ ಇಲ್ಲ, ಕೆಲಸ ಬೇಕಾದಷ್ಟಿದೆ

ಮಂಗಳೂರಿನ ರೇಡಿಯೋ ಸಾರಂಗ್ 107.8, ಮಣಿಪಾಲದ ರೇಡಿಯೋ ಮಣಿಪಾಲ್ 90.4 ಕಾಲೇಜಿನೊಳಗಿಂದಲೇ ಕೇಳಿಬರುವ ಸಮುದಾಯ ಬಾನುಲಿಗಳು. ಸಮುದಾಯ ಬಾನುಲಿ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಬಿತ್ತರಿಸಬಹುದು. ಹವಾಮಾನ, ಸಂಚಾರ, ನೀರು-ವಿದ್ಯುತ್ತಿನ ಪ್ರಕಟಣೆ, ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮಗಳ ಮಾಹಿತಿಗೆ ಅಡ್ಡಿಯಿಲ್ಲ. ಹೀಗಾಗಿ ಪತ್ರಿಕೋದ್ಯಮ ಅಧ್ಯಾಪಕರು ಅಲ್ಲಿ ಕಲಿಸುವುದು ಸುದ್ದಿ ಓದುವುದನ್ನಲ್ಲ, ಮಾಹಿತಿಯನ್ನು ಖಚಿತವಾಗಿ ಮಾತಿಗೆ ಇಳಿಸುವುದನ್ನು. ಅಡಿಕೆ ಕೊಳೆರೋಗದ ಬಗ್ಗೆ ಹದಿನೈದು ನಿಮಿಷದ ಕಾರ್ಯಕ್ರಮ ಎಂದುಕೊಳ್ಳಿ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಓದುವ ಹುಡುಗಿ ‘ಹತ್ತು ಲೀಟರ್’ ಎಂದು ಬಾಯಿತಪ್ಪಿದರೆ ದ್ರಾವಣ ಹತ್ತು ಪಟ್ಟು ಗಡುಸಾಗಿ ತೋಟಕ್ಕೇ ಕುತ್ತು. ಧ್ವನಿಮುದ್ರಣದ ಮೊದಲು ಅಂಕಿಗಳನ್ನು ಅಕ್ಷರದಲ್ಲಿ ಬರೆಸುವುದು, ತಜ್ಞರಿಗೆ ಓದಿ ಕೇಳಿಸುವುದು, ಪ್ರಸಾರವಾದದ್ದನ್ನು ಮೂರು ತಿಂಗಳು ಕಾದಿಡುವುದು ಇವೆಲ್ಲ ಅಧ್ಯಾಪಕರ ತಲೆಮೇಲೆ. ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾಡುವಾಗ ಸ್ಕ್ರಿಪ್ಟನ್ನು ಕನ್ನಡ ಲಿಪಿಯಲ್ಲಿ ಬರೆದು, ಆ ಮಾತು ಬಲ್ಲವರಿಂದ ಉಚ್ಚಾರ ತಿದ್ದಿಸಬೇಕು.

ಲೇಖನಗಳ ಸಂತೆ

ಅಂಕ ಇರುವುದು ಲೇಖನಕ್ಕೆ ಎಂದಾದಾಗ ಲೇಖನ ಮಾರುವವರು ಹುಟ್ಟಿಕೊಳ್ಳುತ್ತಾರೆ. ಯುಜಿಸಿ ತನ್ನ ಅನುಮೋದಿತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ನಿಯತಕಾಲಿಕಗಳನ್ನು ಕಿತ್ತುಹಾಕಿತು. ಆಮೇಲೆ ಯುಜಿಸಿ-ಕೇರ್ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಒಳ್ಳೆಯ ನಿಯತಕಾಲಿಕವನ್ನು ಗುರುತಿಸುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಕನ್ನಡದಲ್ಲಿ ಬರೆಯುವ ಮಾಧ್ಯಮ ಸಂಶೋಧಕರಿಗೆ ಇದರಿಂದ ಲಾಭವೂ ಆಗಬಹುದು, ಕೇರ್ ಪಟ್ಟಿಯಲ್ಲಿ ಕನ್ನಡಕ್ಕೆ ಇದ್ದ ಜಾಗ ಬಲು ಕಿರಿದು. ಆದರೆ ಸಂಸ್ಥೆ ತನ್ನದೇ ಮಾನದಂಡ ಬರೆದಿಡದಿದ್ದರೆ ಮುಂಬಡ್ತಿ ಸಂದರ್ಶನದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಅಧ್ಯಾಪಕರು ಅತಂತ್ರರಾಗುತ್ತಾರೆ.

ನಕಲಿಯನ್ನು ಗುರುತಿಸುವುದು ಕಷ್ಟವಲ್ಲ. ಮೂರು ದಿನದಲ್ಲಿ ಒಪ್ಪಿಗೆ, ವಾರದಲ್ಲಿ ಪ್ರಕಟಣೆ ಎಂದರೆ ಯಾರೂ ಓದಿಲ್ಲ ಎಂದರ್ಥ. ಪತ್ರಿಕೋದ್ಯಮದ ಲೇಖನದ ಪಕ್ಕ ಔಷಧಶಾಸ್ತ್ರ, ಅದರ ಪಕ್ಕ ವಾಣಿಜ್ಯ ಇದ್ದರೆ ಅನುಮಾನಿಸಬೇಕು. ನಿಯತಕಾಲಿಕದ ಲೇಖನಗಳನ್ನು ಇತರರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎನ್ನುತ್ತಾರೆ; ಹಾಗೆಂದು ನಂಬಬೇಕಾದದ್ದು ಕ್ಲಾರಿವೇಟ್ ಕೊಡುವುದನ್ನು ಮಾತ್ರ, ಉಳಿದ ಸಂಸ್ಥೆಗಳ ಬಣ್ಣಬಣ್ಣದ ‘ಫ್ಯಾಕ್ಟರ್’ಗಳಿಗೆ ಬೆಲೆಯಿಲ್ಲ. ಎಂಟು ಅಂಕಿಯ ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಅದನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ಹೆಸರು ಹೊಂದುತ್ತದೆಯೇ ನೋಡಬೇಕು. ಹೆಸರುವಾಸಿ ನಿಯತಕಾಲಿಕದ ಸಂಖ್ಯೆ ಕದ್ದು ತದ್ರೂಪಿ ಜಾಲತಾಣ ಮಾಡಿದ ಉದಾಹರಣೆಗಳಿವೆ. ಪಿಎಚ್‌ಡಿ ಮಾರ್ಗದರ್ಶನದ ಹೇಳಿಕೆಯನ್ನು ಪಿಎಚ್‌ಡಿ ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿ ಪ್ರಬಂಧ ಹುಡುಕಿ ಯಾರು ಬೇಕಾದರೂ ತಾಳೆ ನೋಡಬಹುದು.

ಪಠ್ಯಕ್ರಮದ ಕೆಲಸ ಇನ್ನೊಂದು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ 2021-22ರಲ್ಲಿ ಪದವಿ ಪಠ್ಯ ಹೊಸದಾಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಎಲ್ಲವನ್ನೂ ಇನ್ನೊಮ್ಮೆ ಬರೆಯಬೇಕಾಯಿತು. ಇದಕ್ಕೆ ಸಿಗುವುದು ತಲಾ 2 ಅಂಕ. ಅತಿಥಿ ಉಪನ್ಯಾಸಕರಿಗೆ ಅದೂ ಇಲ್ಲ, ಅವರಿಗೆ ಮುಂಬಡ್ತಿಯ ಏಣಿಯೇ ಇಲ್ಲದ ಕಾರಣ ಸಾಧನೆಗೆ ತಕ್ಕ ಫಲ ಎಂಬ ಮಾತು ಅನ್ವಯವಾಗುವುದಿಲ್ಲ. ಪತ್ರಿಕೆಯಲ್ಲಿ ದುಡಿದು ಬಂದು ಪಾಠ ಹೇಳುವವರು ಇವರಲ್ಲಿಯೂ ಇದ್ದಾರೆ ಎನ್ನುವುದು ಇಲ್ಲಿನ ದೊಡ್ಡ ಅನ್ಯಾಯ.

ಬದಲಾವಣೆಯ ದಾರಿ

2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಮಾರ್ಗಸೂಚಿ ಕೊಟ್ಟಿತು. ವೃತ್ತಿಯಲ್ಲಿ ಕನಿಷ್ಠ 15 ವರ್ಷ ದುಡಿದು ಹಿರಿಯ ಸ್ಥಾನದಲ್ಲಿದ್ದವರು ಪಿಎಚ್‌ಡಿ ಇಲ್ಲದೆಯೂ ಬರಬಹುದು. ಮಂಜೂರಾದ ಹುದ್ದೆಗಳ ಶೇ. 10 ಮೀರುವಂತಿಲ್ಲ, ಒಟ್ಟು ಅವಧಿ ನಾಲ್ಕು ವರ್ಷ ದಾಟುವಂತಿಲ್ಲ. ಹಿರಿಯ ಸಂಪಾದಕರನ್ನು ತರಗತಿಗೆ ತರಲು ಇದು ಒಳ್ಳೆಯದೇ. ಆದರೆ ಹೊರಗಿನವರ ವೃತ್ತಿಯನ್ನು ಗೌರವಿಸಿ, ಒಳಗೇ ಇರುವ ಅಧ್ಯಾಪಕರ ವೃತ್ತಿಕೆಲಸವನ್ನು ಕಾಣದಿರುವುದು ಅರ್ಧ ಪರಿಹಾರ.

ನೇಮಕ, ಮುಂಬಡ್ತಿಯ ಹೊಸ ನಿಯಮಾವಳಿಗಾಗಿ 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡಿನ ಸುದ್ದಿ ಇಲ್ಲಿ ಹೆಚ್ಚು ಕೇಳಿಸಿದ್ದು ಕುಲಪತಿ ನೇಮಕದ ಜಟಾಪಟಿಯಿಂದ. ರಾಜ್ಯಗಳ ಹಕ್ಕಿನ ಆ ಪ್ರಶ್ನೆ ಗಂಭೀರವಾದದ್ದೇ. ಅದೇ ಕರಡಿನಲ್ಲಿ ಅಂಕದ ಬದಲು ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳನ್ನು ಹೇಳಿ, ಕನಿಷ್ಠ ನಾಲ್ಕರಲ್ಲಿ ಕೆಲಸ ತೋರಿಸಬೇಕು ಎಂದಿತ್ತು. ಭಾರತೀಯ ಭಾಷೆಯಲ್ಲಿ ಬೋಧನೆ, ಪ್ರಯೋಗಾಲಯ ಅಭಿವೃದ್ಧಿ, ಇಂಟರ್ನ್‌ಶಿಪ್ ಮತ್ತು ಪ್ರಾಜೆಕ್ಟ್ ಮಾರ್ಗದರ್ಶನ, ಸಮುದಾಯ ಸೇವೆ ಆ ಒಂಬತ್ತರಲ್ಲಿ ಸೇರಿವೆ. ಕನ್ನಡದಲ್ಲಿ ವರದಿಗಾರಿಕೆ ಕಲಿಸುತ್ತ, ಸ್ಟುಡಿಯೋ ಕಟ್ಟಿ, ಮಕ್ಕಳನ್ನು ಪತ್ರಿಕಾಲಯಕ್ಕೆ ಕಳಿಸಿ, ಬಾನುಲಿ ನಡೆಸುವ ಅಧ್ಯಾಪಕರಿಗೆ ಇದು ಹೇಳಿ ಮಾಡಿಸಿದಂತಿದೆ. ತೊಡಕೆಂದರೆ, ಕೊಡುಗೆ ‘ಗಮನಾರ್ಹ’ವೋ ಅಲ್ಲವೋ ಎಂದು ತೀರ್ಮಾನಿಸುವುದು ಆಯ್ಕೆ ಸಮಿತಿ. ಸಮಿತಿಯ ಮುಂದೆ ಇಡಲು ಕಾಗದ ಬೇಕು.

ಆದ್ದರಿಂದ ಕಾಗದ ಇಡುವುದನ್ನು ಈಗಲೇ ಶುರುಮಾಡಬೇಕು. ಪ್ರತಿ ಸಂಚಿಕೆಯಿಂದ ನಾಲ್ಕೈದು ಬರಹಗಳ ಮೂರು ರೂಪ ಕಾದಿಡಿ: ವಿದ್ಯಾರ್ಥಿ ತಂದದ್ದು, ಅಂಚಿನಲ್ಲಿ ಪ್ರಶ್ನೆ ಹಾಕಿದ್ದು, ಅಚ್ಚಾದದ್ದು. ನ್ಯಾಕ್‌ನವರು ಕೇಳುವ ಜಿಯೋಟ್ಯಾಗ್ ಫೋಟೊಗಿಂತ ಈ ಮೂರು ಹಾಳೆ ಹೆಚ್ಚು ಹೇಳುತ್ತವೆ. ಸಂಪಾದಕ ಹೊಣೆಗೆ ಪ್ರಾಂಶುಪಾಲರಿಂದ ವರ್ಷದ ಮೊದಲಿಗೇ ಲಿಖಿತ ಆದೇಶ ಪಡೆಯಿರಿ, ವರ್ಷದ ಕೊನೆಗೆ ಕೇಳಿದರೆ ದಿನಾಂಕವೇ ತೊಡಕಾಗುತ್ತದೆ. ರೇಡಿಯೋ ಸರಣಿಯನ್ನು ಹಾಗೇ ಬಿಡದೆ, ಅದಕ್ಕೆ ಓದುವ ಪಠ್ಯ, ಪೂರಕ ಕೊಂಡಿಗಳು, ಸ್ವಪರೀಕ್ಷೆಯ ಪ್ರಶ್ನೆ ಸೇರಿಸಿ ನಾಲ್ಕು ಭಾಗದ ಇ-ಪಾಠ ಮಾಡಿದರೆ 2018ರ ಕೋಷ್ಟಕದಲ್ಲೇ ಒಂದು ಮಾಡ್ಯೂಲಿಗೆ 5 ಅಂಕದ ಹಾದಿಯಿದೆ. ಹೆಸರನ್ನು ಒಮ್ಮೆ ಒಂದು ಬಗೆಯಲ್ಲಿ, ಇನ್ನೊಮ್ಮೆ ಬೇರೆ ಇನಿಶಿಯಲ್ ಹಾಕಿ ಬರೆಯುವವರು ಸಂಶೋಧಕರಿಗೆ ಉಚಿತವಾಗಿ ಸಿಗುವ ಓರ್ಕಿಡ್ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಂಡರೆ ಲೇಖನಗಳು ಚದುರುವುದಿಲ್ಲ. ಇಂಟರ್ನ್‌ಶಿಪ್‌ಗೆ ಹೋದ ವಿದ್ಯಾರ್ಥಿಯ ಅಚ್ಚಾದ ವರದಿಗಳನ್ನು ದಿನಾಂಕ, ಆವೃತ್ತಿ, ಪುಟಸಂಖ್ಯೆ ಸಮೇತ ಕತ್ತರಿಸಿ ಅಂಟಿಸುವ ಹಳೆಯ ಪದ್ಧತಿಯನ್ನು ಬಿಡಬಾರದು.

ಹೆತ್ತವರಿಗೂ ವಿದ್ಯಾರ್ಥಿಗಳಿಗೂ ಹೇಳಬೇಕಾದ್ದು ಒಂದಿದೆ. ವಿಭಾಗಕ್ಕೆ ಹೋದಾಗ ಅಧ್ಯಾಪಕರ ಪ್ರಮಾಣಪತ್ರಗಳ ಜೊತೆ ಪ್ರಾಯೋಗಿಕ ಪತ್ರಿಕೆಯ ಹೋದ ವರ್ಷದ ಸಂಚಿಕೆಗಳನ್ನೂ ಕೇಳಿ. ಕಾಲೇಜಿನ ಕಾರ್ಯಕ್ರಮದ ದೀಪ ಬೆಳಗಿಸಿದ ಫೋಟೊಗಳೇ ಪುಟ ತುಂಬಿದ್ದರೆ ಒಂದು ಅರ್ಥ, ತುಂಬೆಯ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟವೋ ಬಸ್ ತಂಗುದಾಣದ ದುರವಸ್ಥೆಯೋ ವಿದ್ಯಾರ್ಥಿಯ ಹೆಸರಿನಡಿ ಬಂದಿದ್ದರೆ ಇನ್ನೊಂದು ಅರ್ಥ.

ಇಷ್ಟೆಲ್ಲ ಮಾಡಿದರೂ ಹದಿನೈದು ಗಂಟೆಯ ಲೆಕ್ಕ ಹಾಗೇ ಉಳಿಯುತ್ತದೆ. ಅದಕ್ಕೆ ದಾರಿ ಅಧ್ಯಯನ ಮಂಡಳಿಯ ಕೈಯಲ್ಲಿದೆ. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನು ತಾವೇ ಬರೆಯುತ್ತವೆ. ಪ್ರಾಯೋಗಿಕ ಪತ್ರಿಕೆಯನ್ನು ಚಟುವಟಿಕೆ ಎಂದು ಬಿಡದೆ, ಕ್ರೆಡಿಟ್ ಇರುವ ಪ್ರಾಯೋಗಿಕ ಪಠ್ಯವಿಷಯವನ್ನಾಗಿ ಎರಡು ಸೆಮಿಸ್ಟರ್‌ಗೆ ಸೇರಿಸಿದರೆ ಅದರ ತಾಸುಗಳು ವೇಳಾಪಟ್ಟಿಗೆ ಬರುತ್ತವೆ, ವೇಳಾಪಟ್ಟಿಗೆ ಬಂದದ್ದು ಕಾರ್ಯಭಾರಕ್ಕೆ ಸೇರುತ್ತದೆ. ಮೌಲ್ಯಮಾಪನವೂ ಆಗ ಸುಲಭ: ಅಚ್ಚಾದ ವರದಿಗಿಷ್ಟು, ತಿದ್ದಿಸಿಕೊಂಡ ಕರಡಿಗಿಷ್ಟು, ಪುಟವಿನ್ಯಾಸಕ್ಕಿಷ್ಟು ಎಂದು ಅಂಕ ಹಂಚಬಹುದು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಬೇಕೆಂದಿದ್ದರೆ ಈ ಪ್ರಸ್ತಾವವನ್ನು ಜೂನ್‌ಗೆ ಮುಂಚಿನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಹಾಕಿಸಬೇಕು.